ಯಾರಿಗೆ ಸಾಕಾಗಬೇಕು?

ಅಮೆರಿಕದಲ್ಲಿ ಸೊಂಟಪಟ್ಟಿಯೊಳಗೋ ಕೈಚೀಲದಲ್ಲೋ ಅಡಗಿಸಿಟ್ಟುಕೊಳ್ಳುವ ಪುಟ್ಟ ಪಿಸ್ತೂಲು ಕೊಳ್ಳಲು ಹೊರಟವರಿಗೆ ಅಂಗಡಿಯ ಗಾಜಿನ ಕಪಾಟಿನ ಮುಂದೆ ಎದುರಾಗುವ ಮೊದಲ ಪ್ರಶ್ನೆ ಇದು ಬೇಕೇ ಬೇಡವೇ ಎಂಬುದಲ್ಲ. ಪಾಯಿಂಟ್ 380 ಕೊಡಲೋ, 9 ಎಂಎಂ ಕೊಡಲೋ ಎಂಬುದು. ಈ ಪ್ರಶ್ನೆಯ ಸುತ್ತ ಒಂದು ಪಾಂಡಿತ್ಯವೇ ಬೆಳೆದು ನಿಂತಿದೆ. ಅದಕ್ಕೆ ತನ್ನದೇ ಪರಿಭಾಷೆಯಿದೆ, ಪಂಥಗಳಿವೆ, ಖಂಡನೆ ಮಂಡನೆಗಳಿವೆ. ಟೆಕ್ಸಾಸಿನಲ್ಲಿ ಪಿಎಚ್‌ಡಿ ಮಾಡುತ್ತ, ಜೊತೆಗೆ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಬರವಣಿಗೆ ಕಲಿಸುತ್ತಿರುವ ನನಗೆ ಈ ಚರ್ಚೆ ಕಿವಿಗೆ ಬೀಳದ ತಿಂಗಳಿಲ್ಲ. ಇತ್ತೀಚೆಗೆ ಅದು ಕನ್ನಡದಲ್ಲೂ ಬೀಳುತ್ತಿದೆ. ಅದಕ್ಕೇ ಈ ಬರಹ.

ನನ್ನ ವಾದ ಇಷ್ಟು. ಕ್ಯಾಲಿಬರಿನ ಆಯ್ಕೆಯನ್ನು ಕೊಳ್ಳುವವರ ಸುರಕ್ಷತೆಯ ಅಳತೆ ಎಂದು ಮಾರಲಾಗುತ್ತಿದೆ. ಅದು ಅಳೆಯುವುದು ಮಾತ್ರ ಇನ್ನೊಂದು ದೇಹ ಸಾಯುವ ಸಾಧ್ಯತೆಯನ್ನು. ಆ ದೇಹ ಯಾರದ್ದಾಗಬಹುದು ಎಂದು ಕೇಳದೆ ಮಾಡುವ ಲೆಕ್ಕ ಎಷ್ಟೇ ಕರಾರುವಾಕ್ಕಾಗಿದ್ದರೂ ಅಪ್ರಾಮಾಣಿಕ.

ಮೊದಲು ಆ ಪಾಂಡಿತ್ಯಕ್ಕೆ ನ್ಯಾಯ ಸಲ್ಲಿಸೋಣ. ಪಾಯಿಂಟ್ 380 ಎಸಿಪಿ ಮತ್ತು 9 ಎಂಎಂ ಲ್ಯೂಗರ್, ಎರಡರ ಗುಂಡಿನ ಅಗಲವೂ ಒಂದೇ, ಹತ್ತಿರಹತ್ತಿರ ಒಂಬತ್ತು ಮಿಲಿಮೀಟರ್. ವ್ಯತ್ಯಾಸ ಇರುವುದು ಹಿಂದಿನ ತೋಟಾದಲ್ಲಿ. ಒಂದರದ್ದು 17 ಮಿಲಿಮೀಟರ್ ಉದ್ದ, ಇನ್ನೊಂದರದ್ದು 19. 9 ಎಂಎಂ ತೋಟಾದೊಳಗಿನ ಒತ್ತಡವೂ ಹೆಚ್ಚು, ಅದು ತಳ್ಳುವ ಗುಂಡೂ ಸಾಮಾನ್ಯವಾಗಿ ಹೆಚ್ಚು ತೂಕದ್ದು. ಹೀಗಾಗಿ 380ರ ಗುಂಡು ಸುಮಾರು 270 ಜೂಲ್ ಶಕ್ತಿಯಿಂದ ಹೊರಟರೆ 9 ಎಂಎಂನದ್ದು 450ರಿಂದ 500 ಜೂಲ್ ಹೊತ್ತು ಹೊರಡುತ್ತದೆ. ಪಿಸ್ತೂಲು ಚಿಕ್ಕದಾದಷ್ಟೂ ನಳಿಗೆ ಮೊಟಕಾಗುತ್ತದೆ, ವೇಗ ಇಳಿಯುತ್ತದೆ. ಹಗುರಾದಷ್ಟೂ ಕೈಗೆ ಬೀಳುವ ಒದೆತ ಜೋರಾಗುತ್ತದೆ. ಒದೆತ ಜೋರಾದರೆ ಎರಡನೆಯ ಗುಂಡು ಗುರಿ ತಪ್ಪುತ್ತದೆ. ಆದ್ದರಿಂದ ಕೈ ಸೋತವರು, ವಯಸ್ಸಾದವರು 380 ಹಿಡಿಯಲಿ ಎಂದು ಒಂದು ಪಂಥ. ಸತ್ತರೂ 9 ಎಂಎಂಗಿಂತ ಕೆಳಗಿಳಿಯಬೇಡಿ ಎಂದು ಇನ್ನೊಂದು.

ಈ ಜಗಳ ಹುಟ್ಟಿದ್ದೇ ಬಚ್ಚಿಡುವ ಆಸೆಯಿಂದ. ದೊಡ್ಡ ಪಿಸ್ತೂಲಿನಲ್ಲಿ 9 ಎಂಎಂ ಒದೆತವನ್ನು ತೂಕವೇ ನುಂಗಿಕೊಳ್ಳುತ್ತದೆ. ಅಂಗಿಯಡಿ ಕಾಣಬಾರದು ಎಂದಾಗ ಮಾತ್ರ ಅಳತೆಯ ಪೇಚಾಟ ಶುರು. 2008ರಲ್ಲಿ ರೂಗರ್ ಕಂಪನಿ ಎಲ್‌ಸಿಪಿ ಎಂಬ 380ರ ಪಿಸ್ತೂಲು ತಂದಿತು. ಖಾಲಿ ಇದ್ದಾಗ ಅದರ ತೂಕ 270 ಗ್ರಾಂ ಆಸುಪಾಸು, ಪ್ಯಾಂಟಿನ ಜೇಬಿಗೆ ಇಳಿಯುತ್ತದೆ. 2014ರಲ್ಲಿ ಗ್ಲಾಕ್ 380ರಲ್ಲೊಂದು ಪುಟ್ಟದನ್ನು ತಂದು, ಮರುವರ್ಷವೇ ಹೆಚ್ಚುಕಡಿಮೆ ಅದೇ ಮೈಯಲ್ಲಿ 9 ಎಂಎಂ ತಂದಿತು. 2018ರಲ್ಲಿ ಸಿಗ್ ಕಂಪನಿಯ ಪಿ365 ಬಂತು. ಅರ್ಧ ಕಿಲೋ ತೂಕ, ಅಂಗೈಯಗಲದ ಮೈ, ಮ್ಯಾಗಝೀನಿನಲ್ಲಿ ಹತ್ತು ತೋಟಾ. ಜಗಳ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ 2022ರಲ್ಲಿ ಫೆಡರಲ್ ಕಂಪನಿ 30 ಸೂಪರ್ ಕ್ಯಾರಿ ಎಂಬ ಮೂರನೆಯದನ್ನು ಹೊರತಂದಿತು. ಗುಂಡು ತೆಳು, ಹೊಡೆತ 9 ಎಂಎಂಗೆ ಸಮೀಪ, ಅದೇ ಜಾಗದಲ್ಲಿ ಎರಡು ತೋಟಾ ಹೆಚ್ಚು. ಮೊಬೈಲ್ ಮಾರುವವರು ಕ್ಯಾಮೆರಾದ ಮೆಗಾಪಿಕ್ಸೆಲ್ ಹೇಳುವ ಹಾಗೆ ಇಲ್ಲಿ ಮಿಲಿಮೀಟರು ಹೇಳುತ್ತಾರೆ. ಕೊಂಡವರಿಗೆ ಇನ್ನೂ ಏನೋ ಸಾಲದು ಅನಿಸುತ್ತಿರಬೇಕು. ಆ ‘ಸಾಲದು’ ಇರುವವರೆಗೆ ವ್ಯಾಪಾರವೂ ಇರುತ್ತದೆ.

ಈ ‘ಸಾಲದು’ ಎಂಬ ಭಾವನೆಗೆ ಒಂದು ತಾರೀಖಿದೆ. 1986ರ ಏಪ್ರಿಲ್ 11, ಮಯಾಮಿ. ಎಫ್‌ಬಿಐ ಏಜೆಂಟರಿಗೂ ಇಬ್ಬರು ದರೋಡೆಕೋರರಿಗೂ ರಸ್ತೆಯಲ್ಲಿ ಗುಂಡಿನ ಕಾಳಗವಾಯಿತು. ಏಜೆಂಟ್ ಒಬ್ಬರ 9 ಎಂಎಂ ಗುಂಡು ದರೋಡೆಕೋರನ ತೋಳು ದಾಟಿ ಎದೆ ಹೊಕ್ಕರೂ ಹೃದಯ ಮುಟ್ಟುವ ಮೊದಲೇ ನಿಂತಿತು. ಅವನು ಗುಂಡು ಹಾರಿಸುತ್ತಲೇ ಹೋದ. ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ಇಲಾಖೆ ದೋಷವನ್ನು ಗುಂಡಿನ ಮೇಲೆ ಹಾಕಿತು. ಮೊದಲು 10 ಎಂಎಂ, ಆಮೇಲೆ 1990ರಲ್ಲಿ ಬಂದ ಪಾಯಿಂಟ್ 40, ಹೀಗೆ ದೊಡ್ಡದರ ಕಡೆ ಓಡಿತು. ಜಿಲೆಟಿನ್ ಗಟ್ಟಿಯೊಳಕ್ಕೆ ಗುಂಡು ಹೊಡೆದು, 12ರಿಂದ 18 ಇಂಚು ಒಳಹೊಕ್ಕರೆ ಪಾಸು ಎಂಬ ಪರೀಕ್ಷೆ ಬಂದದ್ದೂ ಈ ಘಟನೆಯ ನಂತರವೇ. 2010ರ ದಶಕದ ನಡುಭಾಗದಲ್ಲಿ ಅದೇ ಇಲಾಖೆ, ಗುಂಡಿನ ವಿನ್ಯಾಸ ಈಗ ಸುಧಾರಿಸಿದೆ, ಒದೆತ ಕಡಿಮೆ ಇದ್ದರೆ ಗುರಿ ಚೆನ್ನಾಗಿ ಸಿಗುತ್ತದೆ ಎಂದು 9 ಎಂಎಂಗೇ ಮರಳಿತು. ಮೂವತ್ತು ವರ್ಷ ಸುತ್ತಿ ಹೊರಟಲ್ಲಿಗೇ ಬಂದರು. ಆದರೆ ದರೋಡೆಕೋರರನ್ನು ಅಟ್ಟಿಸಿಕೊಂಡು ಹೋಗುವ ಪೊಲೀಸರಿಗೆಂದು ಮಾಡಿದ ಆ ಪರೀಕ್ಷೆ ಮಾತ್ರ ದಿನಸಿ ತರಲು ಹೋಗುವ ಗೃಹಸ್ಥನ ಪಿಸ್ತೂಲಿಗೂ ಅಳತೆಗೋಲಾಗಿ ಉಳಿದುಬಿಟ್ಟಿತು.

ಭಾಷೆ ಓದುವುದು ನನ್ನ ಕಸುಬಾದ್ದರಿಂದ ಇಲ್ಲಿನ ಪದಗಳ ಕಡೆ ಗಮನ ಹೋಗುತ್ತದೆ. ‘ಸ್ಟಾಪಿಂಗ್ ಪವರ್’ ಅನ್ನುತ್ತಾರೆ. ಕನ್ನಡದಲ್ಲಿ ಹೇಳಿದರೆ ತಡೆದು ನಿಲ್ಲಿಸುವ ಶಕ್ತಿ, ಸೈಕಲ್ ಬ್ರೇಕಿನ ಬಗ್ಗೆ ಹೇಳಿದ ಹಾಗೆ. ಎದುರಿಗಿರುವವರು ಮನುಷ್ಯರಲ್ಲ, ‘ಥ್ರೆಟ್’. ಬಟ್ಟೆಯ ಮೇಲೆ ಪಿಸ್ತೂಲಿನ ಆಕಾರ ಮೂಡಿದರೆ ‘ಪ್ರಿಂಟಿಂಗ್’. ಪಿಸ್ತೂಲು, ಬೀಗದ ಕೈ, ಪರ್ಸು ಎಲ್ಲ ಸೇರಿ ‘ಎವ್ರಿಡೇ ಕ್ಯಾರಿ’. ಜಿಲೆಟಿನ್ ಗಟ್ಟಿಗೆ ರಕ್ತವಿಲ್ಲ, ಹೆಸರಿಲ್ಲ, ಅದು ಯಾರ ಮಗಳೂ ಅಲ್ಲ. ಈ ಭಾಷೆಯಲ್ಲಿ ಸಾಯುವ ಕ್ರಿಯಾಪದವೇ ಇಲ್ಲ. ಹತ್ತಾರು ಪುಟಗಳ ಹೋಲಿಕೆಯ ಕೋಷ್ಟಕಗಳನ್ನು ನೋಡಿದ್ದೇನೆ. ವೇಗ, ತೂಕ, ಆಳ, ಹಿಗ್ಗುವಿಕೆ, ಬೆಲೆ ಎಲ್ಲಕ್ಕೂ ಸಾಲುಗಳಿವೆ. ತಗುಲಿದವರು ಬದುಕುತ್ತಾರೋ ಇಲ್ಲವೋ ಎಂಬ ಸಾಲು ಇಲ್ಲ.

ಆ ಸಾಲನ್ನು ತುಂಬಲು ಬೇಕಾದ ಮಾಹಿತಿ ಇಲ್ಲವೆಂದಲ್ಲ. ಆಂಥನಿ ಬ್ರಾಗಾ ಮತ್ತು ಫಿಲಿಪ್ ಕುಕ್ ಎಂಬ ಸಂಶೋಧಕರು ಬಾಸ್ಟನ್ ನಗರದಲ್ಲಿ 2010ರಿಂದ 2014ರವರೆಗೆ ನಡೆದ ಗುಂಡಿನ ದಾಳಿಗಳ ಪೊಲೀಸ್ ಕಡತಗಳನ್ನು ತೆಗೆದು, ಸತ್ತವರಿಗೂ ಬದುಕಿದವರಿಗೂ ತಗುಲಿದ ಗುಂಡುಗಳ ಕ್ಯಾಲಿಬರನ್ನು ಹೋಲಿಸಿದರು. ಅದು 2018ರಲ್ಲಿ ಪ್ರಕಟವಾಯಿತು. ಎಷ್ಟು ಗುಂಡು ತಗುಲಿತು, ಎಲ್ಲಿ ತಗುಲಿತು ಎಂಬುದರಲ್ಲಿ ಕ್ಯಾಲಿಬರಿಂದ ಕ್ಯಾಲಿಬರಿಗೆ ಹೇಳುವಂಥ ವ್ಯತ್ಯಾಸವಿರಲಿಲ್ಲ. ಸಾವಿನಲ್ಲಿ ಇತ್ತು. ಪಾಯಿಂಟ್ 22, 25, 32ರಂಥ ಚಿಕ್ಕವುಗಳಿಗೆ ಹೋಲಿಸಿದರೆ, 380 ಮತ್ತು 9 ಎಂಎಂ ಸೇರಿದ ಮಧ್ಯಮ ಗುಂಪಿನ ಗುಂಡು ತಗುಲಿದವರು ಸಾಯುವ ಸಂಭವ ಎರಡು ಪಟ್ಟಿಗಿಂತ ಹೆಚ್ಚು, ದೊಡ್ಡವುಗಳಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು. ಅದೇ ಜನ, ಅದೇ ಜಗಳ, ಅದೇ ಗುರಿ ಇದ್ದು ಕೈಯಲ್ಲಿ ಚಿಕ್ಕ ಕ್ಯಾಲಿಬರ್ ಮಾತ್ರ ಇದ್ದಿದ್ದರೆ ಕೊಲೆಗಳು ಶೇಕಡಾ 39.5ರಷ್ಟು ಕಡಿಮೆಯಾಗುತ್ತಿದ್ದವು ಎಂದು ಅವರು ಲೆಕ್ಕ ಕಟ್ಟಿದರು. ಗಮನಿಸಿ, ಅಂಗಡಿಯಲ್ಲಿ ಹಗಲೆಲ್ಲ ಜಗಳವಾಡುವ 380 ಮತ್ತು 9 ಎಂಎಂ ಎರಡೂ ಈ ಲೆಕ್ಕದಲ್ಲಿ ಒಂದೇ ಪಂಕ್ತಿಯಲ್ಲಿ ಕೂತಿವೆ.

ಕ್ಯಾಲಿಬರ್ ಮುಖ್ಯ ಎಂದು ಅಂಗಡಿಯವನು ಹೇಳುವುದು ಹಾಗಾದರೆ ನಿಜವೇ. ಯಾವುದಕ್ಕೆ ಮುಖ್ಯ ಎಂಬುದನ್ನು ಮಾತ್ರ ಅವನು ಹೇಳುವುದಿಲ್ಲ.

ಈ ಪಂಡಿತರು ಚಿಕ್ಕ ಕ್ಯಾಲಿಬರಿನ ಪಿಸ್ತೂಲುಗಳನ್ನು ‘ಮೌಸ್ ಗನ್’ ಎಂದು ಕರೆದು ನಗುತ್ತಾರೆ. ಇಲಿ ಪಿಸ್ತೂಲು. ಪಾಯಿಂಟ್ 32 ಆ ಇಲಿಗಳ ಸಾಲಿನದ್ದು. ಕನ್ನಡಿಗರಿಗೆ ಅದು ಇನ್ನೊಂದು ಹೆಸರಿನಿಂದ ಪರಿಚಿತ. ನಮ್ಮ ಪತ್ರಿಕೆಗಳಲ್ಲಿ, ವಿಧಿವಿಜ್ಞಾನ ವರದಿಗಳಲ್ಲಿ ಅದು 7.65 ಎಂಎಂ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಅವರವರ ಮನೆಯ ಬಾಗಿಲಲ್ಲೇ ಕೊಂದದ್ದು 7.65 ಎಂಎಂನ ಒಂದು ನಾಡ ಪಿಸ್ತೂಲು. ಇಬ್ಬರಿಗೂ ಒಂದೇ ಪಿಸ್ತೂಲು ಬಳಸಲಾಗಿದೆ ಎಂದು ಗುಂಡುಗಳ ಹೋಲಿಕೆ ಹೇಳಿತು. ಚಿಕ್ಕ ಕ್ಯಾಲಿಬರ್ ಕಡಿಮೆ ಜನರನ್ನು ಕೊಲ್ಲುತ್ತದೆ ಎಂಬ ಬಾಸ್ಟನ್ನಿನ ಲೆಕ್ಕ ಇದರಿಂದ ಸುಳ್ಳಾಗುವುದಿಲ್ಲ. ಅದು ನೂರಾರು ಪ್ರಕರಣಗಳ ಸರಾಸರಿ. ಬಾಗಿಲು ತೆರೆದು ನಿಂತ ಒಬ್ಬರ ಎದುರು ಸರಾಸರಿಗೆ ಕೆಲಸವಿಲ್ಲ. ‘ಅದು ಸಾಕಾಗುವುದಿಲ್ಲ ರೀ’ ಎಂದು ಯಾರಾದರೂ ಕನ್ನಡದಲ್ಲಿ ಹೇಳಿದಾಗ ನನಗೆ ನೆನಪಾಗುವುದು ಈ ಎರಡು ಬಾಗಿಲುಗಳು.

ಹಾಗೆ ಹೇಳುವವರು ಈಗ ಇದ್ದಾರೆ. ಎಚ್-1ಬಿ, ಎಫ್-1 ಮುಂತಾದ ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಹೊಂದುವುದನ್ನು ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಎಂಬ ಒಂದು ಸಂದು ಇದೆ, ಅಷ್ಟೆ. ಗ್ರೀನ್ ಕಾರ್ಡ್ ಬಂದರೆ ಈ ತಡೆ ಹೋಗುತ್ತದೆ. ನಮ್ಮವರಲ್ಲಿ ಕೆಲವರಿಗೆ ಗ್ರೀನ್ ಕಾರ್ಡಿನ ನಂತರದ ಪಟ್ಟಿಯಲ್ಲಿ ಮನೆ, ಏಳು ಸೀಟಿನ ಕಾರು, ಆಮೇಲೆ ಇದು ಎಂದಾಗಿದೆ. ಒಂದು ರಾಜ್ಯೋತ್ಸವದ ಊಟದಲ್ಲಿ ಹಿರಿಯರೊಬ್ಬರು, ಸಜ್ಜನರೇ, ನನ್ನ ತಟ್ಟೆಗೆ ಚಿತ್ರಾನ್ನ ಬಡಿಸುತ್ತ ಕೇಳಿದರು. “ನೀನು ಟೆಕ್ಸಾಸಿಗೆ ಬಂದು ಸುಮಾರು ದಿನ ಆಯ್ತಲ್ಲಮ್ಮ, ಹುಡುಗರೆಲ್ಲ ಮಾತಾಡ್ತಿರ್ತಾರೆ, ಕೇಳಿರ್ತೀಯ. ನಮ್ಮನೆಯವಳಿಗೆ ಒಂದು ತಗೋಬೇಕು ಅಂತಿದೀನಿ. 9 ಎಂಎಂ ಅವಳ ಕೈಗೆ ಒದೆಯತ್ತೆ. 380 ಸಾಕಾಗತ್ತಾ?” ನಾನು ಕೇಳಿದೆ, “ಯಾರಿಗೆ ಸಾಕಾಗಬೇಕು ಸರ್?” ಅವರು ನಕ್ಕು, “ನೀವು ಆರ್ಟ್ಸ್‌ನವರು ಎಲ್ಲದಕ್ಕೂ ಹಿಂಗೇ” ಅಂದರು. ಅವರ ಮನೆಯವರು ಪಕ್ಕದಲ್ಲೇ ಕೋಸಂಬರಿ ಬಡಿಸುತ್ತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ನನ್ನ ಪ್ರಶ್ನೆ ತಮಾಷೆಯದ್ದಾಗಿರಲಿಲ್ಲ. ಪಿಸ್ತೂಲಿಗೆ ಅತಿ ಹತ್ತಿರ ಇರುವ ದೇಹಗಳು ಯಾವುವು? ಯಾವತ್ತೋ ಬರಬಹುದಾದ ಕಳ್ಳನದ್ದಲ್ಲ. ಅದನ್ನು ಇಟ್ಟುಕೊಂಡವರದ್ದು, ಅವರ ಜೊತೆ ಮಲಗುವವರದ್ದು, ಅದೇ ಮನೆಯಲ್ಲಿ ಅಂಬೆಗಾಲಿಡುವವರದ್ದು. ಕ್ಯಾಲಿಫೋರ್ನಿಯಾದಲ್ಲಿ ಕೈಬಂದೂಕು ಕೊಂಡವರ ದಾಖಲೆಗಳನ್ನೂ ಸಾವಿನ ದಾಖಲೆಗಳನ್ನೂ ಜೋಡಿಸಿ ಡೇವಿಡ್ ಸ್ಟಡರ್ಟ್ ಮತ್ತು ಸಂಗಡಿಗರು ಎರಡು ದೊಡ್ಡ ಅಧ್ಯಯನ ಮಾಡಿದ್ದಾರೆ. 2020ರಲ್ಲಿ ಬಂದ ಮೊದಲನೆಯದು ಎರಡೂವರೆ ಕೋಟಿಗೂ ಹೆಚ್ಚು ಜನರದ್ದು. ಕೈಬಂದೂಕು ಇಲ್ಲದ ಗಂಡಸರಿಗಿಂತ ಇದ್ದ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಂಡ ಪ್ರಮಾಣ ಸುಮಾರು ಎಂಟು ಪಟ್ಟು. ಹೆಂಗಸರಲ್ಲಿ ಮೂವತ್ತೈದು ಪಟ್ಟು. 2022ರಲ್ಲಿ ಬಂದ ಎರಡನೆಯದು, ತಮ್ಮದಾಗಿ ಬಂದೂಕಿಲ್ಲದ, ಆದರೆ ಇರುವವರ ಜೊತೆ ಬಾಳುವವರನ್ನು ನೋಡಿತು. ಬಂದೂಕಿಲ್ಲದ ಮನೆಯವರಿಗಿಂತ ಅವರು ಕೊಲೆಯಾಗುವ ಪ್ರಮಾಣ ಎರಡು ಪಟ್ಟಿಗಿಂತ ಹೆಚ್ಚು. ಬಾಳಸಂಗಾತಿಯ ಗುಂಡಿಗೇ ಸಾಯುವ ಪ್ರಮಾಣ ಏಳು ಪಟ್ಟು. ಹಾಗೆ ಸತ್ತವರಲ್ಲಿ ನೂರಕ್ಕೆ 84 ಜನ ಹೆಂಗಸರು.

ಇಡೀ ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ 48,830 ಜನ ಸತ್ತರು. ಅವರಲ್ಲಿ 26,328 ಆತ್ಮಹತ್ಯೆಗಳು, ಅರ್ಧಕ್ಕಿಂತ ಹೆಚ್ಚು. ಸಾಯಲು ಹೊರಟು ಬದುಕುಳಿದವರಲ್ಲಿ ಬಹುಪಾಲು ಜನ ಮುಂದೆ ಆ ದಾರಿಯಲ್ಲಿ ಸಾಯುವುದಿಲ್ಲ. ಆ ಕೆಟ್ಟ ಗಳಿಗೆ ದಾಟಿದರೆ ಬದುಕು ಮತ್ತೆ ಕೈ ಹಿಡಿಯುತ್ತದೆ. ಬಂದೂಕು ಕೈಗೆ ಸಿಕ್ಕಲ್ಲಿ ಹತ್ತರಲ್ಲಿ ಒಂಬತ್ತು ಸಲ ಆ ಗಳಿಗೆ ದಾಟುವುದೇ ಇಲ್ಲ. 2014ರ ಕೊನೆಯಲ್ಲಿ ಐಡಾಹೊದ ಒಂದು ಅಂಗಡಿಯಲ್ಲಿ ಎರಡು ವರ್ಷದ ಮಗು ತಾಯಿಯ ಕೈಚೀಲದಿಂದ ಪಿಸ್ತೂಲು ತೆಗೆದು ಹಾರಿಸಿ ತಾಯಿ ತೀರಿಕೊಂಡಳು. ಬಚ್ಚಿಡಲೆಂದೇ ಹೊಲಿದ, ಬಂದೂಕಿಗೆ ಬೇರೆ ಅರೆಯಿದ್ದ ಚೀಲ ಅದು. ಆ ಪಿಸ್ತೂಲನ್ನು ಅವಳು ಕೊಂಡದ್ದು ಯಾರಿಗೆ ಸಾಕಾಗಲೆಂದು?

ಎದುರು ಪಕ್ಷದ ಗಟ್ಟಿ ವಾದವನ್ನೂ ಹೇಳಬೇಕು. ಒಂಟಿ ಹೆಂಗಸು, ರಾತ್ರಿ ಪಾಳಿ, ಹಿಂಬಾಲಿಸುವ ಮಾಜಿ ಗಂಡ, ಮುಕ್ಕಾಲು ಗಂಟೆ ದೂರದ ಪೊಲೀಸರು. ಅವಳು ಬರಿಗೈಯಲ್ಲಿ ಇರಬೇಕೇ? ಈ ಪ್ರಶ್ನೆಯನ್ನು ತಳ್ಳಿಹಾಕುವವರ ಜೊತೆ ನಾನಿಲ್ಲ. ಬಂದೂಕು ತೋರಿಸಿ ಪಾರಾದವರು ನಿಜವಾಗಿಯೂ ಇದ್ದಾರೆ. ಎಷ್ಟು ಜನ ಎಂಬಲ್ಲಿ ಆಕಾಶ ಭೂಮಿಯ ಅಂತರವಿದೆ. ಗ್ಯಾರಿ ಕ್ಲೆಕ್ ಅವರ 1995ರ ಸಮೀಕ್ಷೆ ವರ್ಷಕ್ಕೆ 25 ಲಕ್ಷ ಸಲ ಎಂದಿತು. ಸರ್ಕಾರದ ಅಪರಾಧ ಸಮೀಕ್ಷೆಯ ಆಧಾರದ ಅಂದಾಜುಗಳು ಒಂದು ಲಕ್ಷದ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ನಿಲ್ಲುತ್ತವೆ. ಯಾವುದನ್ನು ನಂಬಿದರೂ ಒಂದು ಮಾತು ಉಳಿಯುತ್ತದೆ. ತೋರಿಸಿ ಪಾರಾಗಲು ಮಿಲಿಮೀಟರಿನ ಲೆಕ್ಕ ಬೇಕಿಲ್ಲ. ಮಿಲಿಮೀಟರಿನ ಚರ್ಚೆ ಶುರುವಾಗುವುದೇ ಗುಂಡು ಇನ್ನೊಬ್ಬರ ಮೈಯೊಳಗೆ ಹೊಕ್ಕ ಮೇಲೆ. ಇನ್ನು ಆ ಹೆಂಗಸಿಗೆ ಅತಿ ಹೆಚ್ಚು ಅಪಾಯ ಇರುವುದು ಅಪರಿಚಿತನಿಂದಲ್ಲ, ಮನೆಯವನಿಂದ. ಅವಳ ರಕ್ಷಣೆಗೆಂದು ಗಂಡ ಕೊಂಡು ತರುವ ಪಿಸ್ತೂಲು ಇರುವುದೂ ಆ ಮನೆಯಲ್ಲೇ. 2018ರಲ್ಲಿ ಸ್ಮಿತ್ ಆಂಡ್ ವೆಸನ್ ಕಂಪನಿ ಹೆಚ್ಚು ಬಲ ಹಾಕದೆ ಎಳೆಯಬಹುದಾದ 380ರ ಪಿಸ್ತೂಲೊಂದನ್ನು ತಂದು ಅದರ ಹೆಸರಿನಲ್ಲೇ ‘ಈಝಿ’ ಎಂದು ಬರೆಯಿತು. ಕೈ ಸೋತವರಿಗೆ ಸುಲಭ. ಸುಲಭವಾದದ್ದು ಎಲ್ಲರ ಕೈಗೂ ಸುಲಭವೇ.

ನಮ್ಮ ಸಾಹಿತ್ಯ ವಲಯದವರಿಗೂ ಒಂದು ಮಾತು. ಬಂದೂಕು ಎಂದ ಕೂಡಲೇ ಮೂಗು ಮುರಿದು, ‘ಹಿಂಸೆ ತಪ್ಪು’ ಎಂದು ಒಂದು ಕವಿತೆ ಬರೆದು ಮುಗಿಸುವುದು ನಮಗೆ ರೂಢಿ. ಕ್ಯಾಲಿಬರು, ಜೂಲು, ನಳಿಗೆಯ ಉದ್ದ ಇವೆಲ್ಲ ಒರಟರ ಮಾತು ಎಂದು ಬಿಟ್ಟುಬಿಡುತ್ತೇವೆ. ಬಿಟ್ಟಿದ್ದರಿಂದ ಏನಾಗಿದೆ ಎಂದರೆ ತಾಂತ್ರಿಕ ಮಾತೆಲ್ಲ ಮಾರುವವರ ಸ್ವತ್ತಾಗಿದೆ. ‘ನಿಮಗೆ 380ಕ್ಕೂ 9 ಎಂಎಂಗೂ ವ್ಯತ್ಯಾಸ ಗೊತ್ತಾ?’ ಎಂಬ ಒಂದೇ ಪ್ರಶ್ನೆಗೆ ನಾವು ಬಾಯಿ ಮುಚ್ಚುತ್ತೇವೆ. ಗೊತ್ತಿರಬೇಕು. ಔಷಧಿಯ ಪ್ರಮಾಣ ಗೊತ್ತಿಲ್ಲದೆ ಆಸ್ಪತ್ರೆಯ ತಪ್ಪು ಹಿಡಿಯಲಾಗದು. ಎರಡು ಮಿಲಿಮೀಟರ್ ತೋಟಾದಲ್ಲಿ ಎಷ್ಟು ಸಾವು ಅಡಗಿದೆ ಎಂದು ಲೆಕ್ಕ ಹಾಕುವುದು ಕವಿಯ ಕೆಲಸವೂ ಹೌದು.

ನಾನು ತೀರ್ಥಹಳ್ಳಿ ಕಡೆಯವಳು. ಕೋವಿ ಕಂಡರಿಯದ ಮನೆಯವಳಲ್ಲ. ಹಂದಿ, ಮಂಗಗಳಿಂದ ಫಸಲು ಉಳಿಸಿಕೊಳ್ಳಲು ಲೈಸೆನ್ಸಿನ ತೋಟಾ ಕೋವಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ಅದನ್ನು ಹೊಗಳಲು ಹೊರಟಿಲ್ಲ. ಶಿಕಾರಿಗೆ ಹೋದವನ ಈಡು ಜೊತೆಯವನಿಗೇ ತಗುಲಿದ ಸುದ್ದಿ ಮಲೆನಾಡಿನಲ್ಲಿ ಅಪರೂಪವಲ್ಲ. ಆದರೆ ಆ ಕೋವಿ ಬಚ್ಚಿಡುವ ವಸ್ತುವಲ್ಲ. ಯಾರ ಮನೆಯಲ್ಲಿದೆ ಎಂದು ಊರಿಗೆಲ್ಲ ಗೊತ್ತು. ಚುನಾವಣೆ ಬಂದರೆ ಗೊಣಗುತ್ತಲೇ ಹೊತ್ತೊಯ್ದು ಠಾಣೆಯಲ್ಲಿ ಇಟ್ಟುಬರಬೇಕು. ಲೈಸೆನ್ಸಿನಿಂದ ವಿನಾಯಿತಿ ಪಡೆದ ಕೊಡವರು ಮತ್ತು ಜಮ್ಮಾ ಹಿಡುವಳಿದಾರರ ಮನೆಗಳಲ್ಲೂ ಕೋವಿ ಬಚ್ಚಿಡುವ ವಸ್ತುವಲ್ಲ. ಕೈಲ್ ಮುಹೂರ್ತದಲ್ಲಿ ಅದನ್ನು ಎಲ್ಲರೆದುರು ಇಟ್ಟು ಹೂ ಏರಿಸುತ್ತಾರೆ. ಬಚ್ಚಿಟ್ಟ ಪಿಸ್ತೂಲಿನ ಗುಣವೇ ಬೇರೆ. ಎದುರಿಗಿರುವವರಿಗೆ ಗೊತ್ತಾಗಬಾರದು ಎಂಬುದೇ ಅದರ ವಿನ್ಯಾಸ.

ಭಾರತದ ಕಾನೂನಿನಲ್ಲಿ ಇನ್ನೊಂದು ವಿವೇಕವಿದೆ. ‘ನಿಷೇಧಿತ ಬೋರ್’ ಎಂಬ ವರ್ಗವೊಂದನ್ನು ಅದು ಮಾಡಿದೆ. 9 ಎಂಎಂ ಅದರೊಳಗೆ ಬರುತ್ತದೆ, ಸಾಮಾನ್ಯ ನಾಗರಿಕರಿಗೆ ಅದರ ಲೈಸೆನ್ಸ್ ಸಿಗುವುದಿಲ್ಲ. ಪಾಯಿಂಟ್ 32 ಸಿಗಬಹುದು. ಈ ಗೆರೆ ಎಳೆದ ಕಾರಣಗಳಲ್ಲಿ ಪೊಲೀಸರ ತೋಟಾ ಜನರ ಕೈಗೆ ಹೋಗಬಾರದೆಂಬ ಸರ್ಕಾರದ ಭಯವೂ ಇರಬಹುದು. ಹಾಗಿದ್ದರೂ ಗೆರೆ ಒಪ್ಪಿಕೊಂಡ ತತ್ವ ದೊಡ್ಡದು. ಕ್ಯಾಲಿಬರ್ ಕೊಳ್ಳುವವರ ರುಚಿಯ ವಿಷಯವಲ್ಲ, ಊರಿನ ವಿಷಯ. ಅಮೆರಿಕದಲ್ಲಿ ಅದು ಸೀರೆಯ ಬಣ್ಣದ ಹಾಗೆ ಖಾಸಗಿ ಆಯ್ಕೆಯಾಗಿದೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಈಗ ಲೈಸೆನ್ಸೇ ಇಲ್ಲದೆ ಪಿಸ್ತೂಲು ಬಚ್ಚಿಟ್ಟುಕೊಂಡು ತಿರುಗಬಹುದು. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರಿನಿಂದ ಹಾಗಿದೆ.

ವಿಶ್ವವಿದ್ಯಾಲಯದೊಳಗೆ ಲೈಸೆನ್ಸ್ ಬೇಕು, ಅಷ್ಟೇ ವ್ಯತ್ಯಾಸ. ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳ ತರಗತಿಗೆ ಅಂಗಿಯಡಿ ಪಿಸ್ತೂಲು ತರಲು ಅವಕಾಶ ಕೊಟ್ಟ ಕಾನೂನು ಜಾರಿಗೆ ಬಂದದ್ದು 2016ರ ಆಗಸ್ಟ್ 1ರಂದು. ಸರಿಯಾಗಿ ಐವತ್ತು ವರ್ಷ ಹಿಂದೆ, 1966ರ ಅದೇ ದಿನ, ಆಸ್ಟಿನ್ನಿನ ವಿಶ್ವವಿದ್ಯಾಲಯದ ಗೋಪುರದ ಮೇಲಿನಿಂದ ಒಬ್ಬ ಗುಂಡಿನ ಮಳೆಗರೆದಿದ್ದ. ನನ್ನ ತರಗತಿಯಲ್ಲಿ ಯಾರ ಬಳಿ ಏನಿದೆ ಎಂದು ನಾನು ಕೇಳುವ ಹಾಗಿಲ್ಲ. ಕಡಿಮೆ ಅಂಕ ಹಾಕಿದ ಉತ್ತರಪತ್ರಿಕೆ ಹಿಂದಿರುಗಿಸುವ ದಿನವೂ ಕೇಳುವ ಹಾಗಿಲ್ಲ. ಎಫ್-1 ವೀಸಾದ ನನಗೆ ಪಿಸ್ತೂಲು ಕೊಳ್ಳುವ ಹಕ್ಕಿಲ್ಲ, ಬೇಕೂ ಇಲ್ಲ. ಗುಂಡು ತಗುಲಿಸಿಕೊಳ್ಳುವ ವಿಷಯದಲ್ಲಿ ಮಾತ್ರ ಕಾನೂನು ಯಾರಿಗೂ ಭೇದ ಮಾಡುವುದಿಲ್ಲ. ಕ್ಯಾಲಿಬರ್ ಯಾವುದಿರಬೇಕು ಎಂದು ತೀರ್ಮಾನಿಸುವಾಗ ನನ್ನನ್ನು ಯಾರೂ ಕೇಳಿಲ್ಲ. ನನ್ನ ವಿದ್ಯಾರ್ಥಿಗಳನ್ನೂ ಕೇಳಿಲ್ಲ.

ಆದ್ದರಿಂದ 380ಓ 9 ಎಂಎಂಓ ಎಂದು ಕನ್ನಡದಲ್ಲಿ ಕೇಳುವವರಿಗೆ ನನ್ನ ಉತ್ತರ ಎರಡೂ ಬೇಡ ಎಂಬುದು. ಒಪ್ಪದವರು ಕೊನೆಯಪಕ್ಷ ಕೋಷ್ಟಕವನ್ನು ಪೂರ್ತಿ ಮಾಡಿ. ವೇಗ, ತೂಕ, ಒದೆತ, ಬೆಲೆಯ ಕೆಳಗೆ ಇನ್ನೊಂದು ಸಾಲು ಎಳೆದು ಮನೆಯಲ್ಲಿರುವವರ ಹೆಸರು ಬರೆಯಿರಿ. ಹೆಂಡತಿಯದ್ದು, ಖಿನ್ನತೆಗೆ ಮಾತ್ರೆ ನುಂಗುತ್ತಿರುವ ತಮ್ಮನದ್ದು, ಹದಿನೈದರ ಮಗನದ್ದು, ಬೇಸಿಗೆಗೆ ಊರಿಂದ ಬರುವ ಅಪ್ಪ ಅಮ್ಮನದ್ದು, ಆಮೇಲೆ ನಿಮ್ಮದು. ಕಳ್ಳನ ಹೆಸರು ನಿಮಗೆ ಗೊತ್ತಿಲ್ಲ, ಅದೊಂದನ್ನು ಖಾಲಿ ಬಿಡಿ. ಬರೆದ ಹೆಸರುಗಳ ಎದುರಿಗೆ ಯಾವ ಕ್ಯಾಲಿಬರ್ ಸಾಕು ಎಂದು ತುಂಬಿಸಿ. ಪೆನ್ನು ಮುಂದೆ ಹೋಗದಿದ್ದರೆ ಉತ್ತರ ಸಿಕ್ಕಿತೆಂದೇ ಅರ್ಥ.